ಎರಡು ಗಾಲಿ, ಆರು ಗಾಲಿ

ರಾವಣವಧೆಯಾದ ಮೇಲೆ ಶ್ರೀರಾಮನು ಅಯೋಧ್ಯೆಗೆ ಮರಳಿದ ಪುಷ್ಪಕವಿಮಾನದ ವಿಷಯವಾಗಿ ನಮ್ಮ ಹಿರಿಯರು ಹೇಳುತ್ತಿದ್ದ ಮಾತೊಂದು ಬಲು ಸೊಗಸಾದುದು: ಅದರಲ್ಲಿ ಎಷ್ಟು ಮಂದಿ ಏರಿ ಕುಳಿತರೂ ಇನ್ನೊಬ್ಬರಿಗೆ ಸ್ಥಳ ಉಳಿದೇ ಇರುತ್ತಿತ್ತಂತೆ. ಸೀತಾಲಕ್ಷ್ಮಣರೊಡನೆ ವಿಭೀಷಣನೂ ಸುಗ್ರೀವನೂ ಕಪಿಸೈನ್ಯವೂ ಅದರಲ್ಲಿ ಸುಖವಾಗಿ ಪಯಣಿಸಿದರು. ಕುರುಕ್ಷೇತ್ರದ ರಥಗಳಾದರೋ, ಇಂದಿನ ಕಾರುಗಳಂತೆ, ಒಬ್ಬ ರಥಿಕನಿಗೂ ಒಬ್ಬ ಸಾರಥಿಗೂ ಸಾಲುವಷ್ಟೇ ಆಗಿದ್ದುವು. ಬೆಳಗಿನ ಒಂಬತ್ತು ಗಂಟೆಯ ಬಸ್ಸಿನಲ್ಲಿ ಕಂಡಕ್ಟರ್ ಮಹಾಶಯನು “ಒಳಗೆ ನಡೀರಿ, ಹಿಂದೆ ಜಾಗ ಇದೆ” ಎಂದು ಕೂಗಿದಾಗಲೆಲ್ಲ, ಪುಷ್ಪಕದ ಆ ದಿವ್ಯಗುಣವು ಈ ಆರು ಗಾಲಿಯ ವಾಹನಕ್ಕೆ ವಂಶಪಾರಂಪರ್ಯವಾಗಿ ಇಳಿದು ಬಂದಿರಬೇಕೆಂದು ನನ್ನ ಮನಸ್ಸು ಹಿಗ್ಗುತ್ತದೆ.

ಚರಿತ್ರೆಯನ್ನು ಕೇಳಿದರೆ, ಬಸ್ಸಿನ ಮೂಲಪುರುಷನು ಒಬ್ಬ ಗಣಿತಜ್ಞನೆಂದು ತಿಳಿದುಬರುತ್ತದೆ. ಫ್ರಾನ್ಸಿನ ಬ್ಲೇಸ್ ಪಾಸ್ಕಲನು ತನ್ನ ಆಯುಸ್ಸಿನ ಕಡೆಯ ವರ್ಷವಾದ 1662ರಲ್ಲಿ, ಮಿತ್ರರೊಡಗೂಡಿ, ಪ್ಯಾರಿಸ್ ನಗರದ ಬೀದಿಗಳಲ್ಲಿ ಎಂಟು ಜನ ಕೂರಬಹುದಾದ ಕುದುರೆಗಾಡಿಗಳನ್ನು ಐದು ಸೋಲ್ ದರಕ್ಕೆ ಓಡಿಸುವ ಏರ್ಪಾಡನ್ನು ಮಾಡಿದನು. ಗೊತ್ತಾದ ಮಾರ್ಗ, ಗೊತ್ತಾದ ವೇಳೆ, ಗೊತ್ತಾದ ದರ. ಇವುಗಳ ಜೊತೆಗೆ, ಒಳಗೆ ಒಬ್ಬ ಪ್ರಯಾಣಿಕನೂ ಇಲ್ಲದಿದ್ದರೂ ವೇಳೆಗೆ ಸರಿಯಾಗಿ ಗಾಡಿ ಹೊರಡತಕ್ಕದ್ದು ಎಂಬ ನಿಯಮ. ಆ ಕಡೆಯ ನಿಯಮದಲ್ಲಿಯೇ ಪಾಸ್ಕಲನ ಪ್ರತಿಭೆ ನನಗೆ ಕಾಣುತ್ತದೆ. ಏಕೆಂದರೆ ಇಂದು ಬರಿದಾಗಿಯಾದರೂ ಹೊರಡುವ ಗಾಡಿಯನ್ನು ನೋಡಿದವನಲ್ಲದೆ ಬೇರೆ ಯಾರೂ ನಾಳೆ ಅದನ್ನು ನಂಬಿ ಮನೆಯಿಂದ ಹೊರಬೀಳಲಾರರು. ಆದರೆ ಪ್ಯಾರಿಸ್ಸಿನ ನ್ಯಾಯಮಂಡಲಿಯು ಸೈನಿಕರನ್ನೂ ಊಳಿಗದವರನ್ನೂ ಕೂಲಿಕಾರರನ್ನೂ ಆ ಗಾಡಿಗಳಿಗೆ ಹತ್ತಗೊಡಬಾರದೆಂದು ಕಟ್ಟಳೆ ವಿಧಿಸಿತು. ಯಾರ ಕಾಲಿಗೆ ದಣಿವು ಹೆಚ್ಚೋ ಅವರೇ ಹೊರಗುಳಿದರು. 2023ರ ಜೂನ್ 11ರಂದು ನಮ್ಮ ರಾಜ್ಯದ ಸಾಮಾನ್ಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಉಚಿತ ಪ್ರಯಾಣ ಆರಂಭವಾದಾಗ, ಆ ಹಳೆಯ ಕಟ್ಟಳೆಯ ನೆನಪಿನಿಂದ ನನಗಾದ ಸಂತೋಷ ಇಮ್ಮಡಿಯಾಯಿತು.

ಇಷ್ಟಾದರೂ ಕಾರನ್ನು ಬಿಡಲೊಲ್ಲದ ಸಜ್ಜನರು ಹೇಳುವ ಆಕ್ಷೇಪವೊಂದುಂಟು, ಅದನ್ನು ತಳ್ಳಿಹಾಕುವಂತಿಲ್ಲ: ಬಸ್ಸು ನಮ್ಮ ಮನೆಯ ಬಾಗಿಲಿಗೆ ಬರುವುದಿಲ್ಲ. ನಿಜವೇ. ಹತ್ತು ನಿಮಿಷದಲ್ಲಿ ಮನುಷ್ಯನು ಸುಮಾರು ಎಂಟುನೂರು ಮೀಟರು ನಡೆದಾನು. ಆ ವರ್ತುಲದ ಆಚೆ ಮನೆಯುಳ್ಳವನಿಗೆ ಬಸ್ ನಿಲ್ದಾಣವು ದೂರದ ಬೆಟ್ಟವೇ ಸರಿ. ಆದರೆ ಅದೇ ಹತ್ತು ನಿಮಿಷದಲ್ಲಿ, ಬೆವರೊಡೆಯದಂತೆ ಮೆಲ್ಲಗೆ ತುಳಿದರೂ, ಸೈಕಲ್ಲು ಎರಡೂವರೆ ಕಿಲೋಮೀಟರು ಕ್ರಮಿಸುತ್ತದೆ. ದೂರವು ಮೂರರಷ್ಟಾದರೆ ಆ ದೂರದೊಳಗೆ ಸೇರುವ ಪ್ರದೇಶವು ಒಂಬತ್ತರಷ್ಟಾಗುವುದೆಂಬುದು ಶಾಲಾ ರೇಖಾಗಣಿತ. ಒಂದು ಬಸ್ಸನ್ನೂ ಹೆಚ್ಚಿಸದೆ, ಒಂದು ಹೊಸ ಮಾರ್ಗವನ್ನೂ ತೆರೆಯದೆ, ಒಂದು ನಿಲ್ದಾಣದ ಆಶ್ರಯಕ್ಕೆ ಒಂಬತ್ತು ಪಟ್ಟು ಊರನ್ನು ತಂದು ಸೇರಿಸುವ ಶಕ್ತಿ ಈ ಬಡಕಲು ಯಂತ್ರಕ್ಕಿದೆ. ಬಸ್ಸೂ ಸೈಕಲ್ಲೂ ಎದುರಾಳಿಗಳೆಂಬಂತೆ ಎರಡು ಬೇರೆ ಬೇರೆ ಇಲಾಖೆಗಳಲ್ಲಿ ಎರಡು ಬೇರೆ ಬೇರೆ ಕಡತಗಳನ್ನು ತೆರೆದಿಡುವ ನಮ್ಮ ಪದ್ಧತಿ ತಪ್ಪೆಂದು ನಾನು ಬಹುಕಾಲದಿಂದ ವಾದಿಸುತ್ತಿರುವುದು ಈ ಒಂಬತ್ತರ ಬಲದ ಮೇಲೆಯೇ.

ಪುಸ್ತಕದ ಲೆಕ್ಕವೆಂದು ಇದನ್ನು ಅಲ್ಲಗಳೆಯಬೇಡಿ. ನಮ್ಮ ಹಳ್ಳಿಗಾಡಿನ ಹುಡುಗ ಹುಡುಗಿಯರು ಇದನ್ನು ಯಾರಿಂದಲೂ ಕಲಿಯದೆ ಆಚರಿಸಿಕೊಂಡು ಬಂದಿದ್ದಾರೆ. ಒಳದಾರಿಯ ಊರಿನಿಂದ ಟಾರು ರಸ್ತೆಯವರೆಗೆ ಸೈಕಲ್ಲು. ಅಲ್ಲಿ ಚಹಾದಂಗಡಿಯ ಗೋಡೆಗೋ ಪರಿಚಯದವರ ಜಗಲಿಯ ಕಂಬಕ್ಕೋ ಅದನ್ನು ಒರಗಿಸಿ, “ಸ್ವಲ್ಪ ನೋಡ್ಕೊಳ್ಳಿ ಅಣ್ಣ” ಎಂದು ಒಂದು ಮಾತು ಹೇಳಿ, ತಾಲ್ಲೂಕು ಕೇಂದ್ರದ ಕಾಲೇಜಿಗೆ ಬಸ್ಸು. 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ಲು ಕೊಡುವ ಯೋಜನೆ ಮೊದಲಾದಾಗ, ಒಳಪೆಡಲು ತುಳಿದು ಅಪ್ಪನ ಸೈಕಲ್ಲಿನಲ್ಲಿ ಕಲಿತಿದ್ದ ಎಷ್ಟೋ ಹೆಣ್ಣುಮಕ್ಕಳು ತಮ್ಮದೆಂಬ ಸೀಟಿನ ಮೇಲೆ ಕುಳಿತರು. ಮುಂಜಾನೆಯ ಮಂಜಿನಲ್ಲಿ ಸಮವಸ್ತ್ರ ತೊಟ್ಟ ಬಾಲೆಯರ ಸಾಲು, ಬೆಲ್ಲು ಬಾರಿಸುತ್ತ, ಕೆರೆಯ ಏರಿಯ ಮೇಲೆ ಸಾಗುವ ದೃಶ್ಯದ ಮುಂದೆ ನನಗೆ ದಸರೆಯ ಮೆರವಣಿಗೆಯೂ ಸಪ್ಪೆ.

ಸೈಕಲ್ಲೆಂಬ ಯಂತ್ರದ ಗುಣಗಾನಕ್ಕೆ ಈ ಅಂಕಣ ಸಾಲದು. 1885ರಲ್ಲಿ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ಸ್ಟಾರ್ಲಿಯು ಸರಪಣಿಯಿಂದ ಹಿಂಗಾಲಿ ತಿರುಗಿಸುವ ರೋವರ್ ಸೈಕಲ್ಲನ್ನು ರೂಪಿಸಿದನು. ಮೂರು ವರ್ಷಗಳಲ್ಲಿ ಡನ್ಲಪನು ಗಾಳಿ ತುಂಬಿದ ಟೈರನ್ನು ಕೊಟ್ಟನು. ಅಂದಿನಿಂದ ಇಂದಿನವರೆಗೆ ಅದರ ಆಕೃತಿಯಲ್ಲಿ ಗುರುತು ಹಿಡಿಯಲಾಗದಂತಹ ಬದಲಾವಣೆ ಯಾವುದೂ ಆಗಿಲ್ಲ. ಒಂದು ಕಾರು ನಿಲ್ಲುವ ಜಾಗದಲ್ಲಿ ಹತ್ತು ಸೈಕಲ್ಲು ನಿಲ್ಲುತ್ತವೆ. ರಸ್ತೆಯ ಮಾತಿಗೆ ಬಂದರೆ, ಹತ್ತಡಿ ಅಗಲದ ಒಂದು ಪಥವನ್ನು ಕಾರುಗಳಿಗೆ ಬಿಟ್ಟುಕೊಟ್ಟಾಗ ಗಂಟೆಗೆ ಆರುನೂರರಿಂದ ಸಾವಿರದಾರುನೂರು ಜನರೂ, ಅದನ್ನೇ ಬಸ್ಸುಗಳಿಗೆ ಮೀಸಲಾಗಿಟ್ಟಾಗ ನಾಲ್ಕರಿಂದ ಎಂಟು ಸಾವಿರ ಜನರೂ ಸಾಗಬಲ್ಲರೆಂದು ನಗರಸಾರಿಗೆಯನ್ನು ಅಭ್ಯಾಸ ಮಾಡಿದವರು ಲೆಕ್ಕ ಕಟ್ಟಿದ್ದಾರೆ.

ಹೀಗೆ ಮೀಸಲಿಟ್ಟ ಪಥವನ್ನು ಕಣ್ಣಾರೆ ಕಾಣಬೇಕೆಂಬವರು ಹುಬ್ಬಳ್ಳಿಯಿಂದ ಧಾರವಾಡಕ್ಕೆ ಚಿಗರಿ ಬಸ್ಸಿನಲ್ಲಿ ಹೋಗಿಬರಬೇಕು. 2018ರಿಂದ ಓಡುತ್ತಿರುವ ಈ ಬಸ್ಸುಗಳಿಗೆ ಸುಮಾರು ಇಪ್ಪತ್ತೆರಡು ಕಿಲೋಮೀಟರುಗಳ ಹಾದಿಯ ಬಹುಭಾಗದಲ್ಲಿ ರಸ್ತೆಯ ನಡುವೆಯೇ ಪ್ರತ್ಯೇಕ ಪಥವಿದೆ, ನಿಲ್ದಾಣಗಳೂ ಅಲ್ಲಿಯೇ ಇವೆ. ನಿಲ್ದಾಣದ ನೆಲವೂ ಬಸ್ಸಿನ ನೆಲವೂ ಒಂದೇ ಎತ್ತರದಲ್ಲಿರುವುದರಿಂದ ಮೊಣಕಾಲು ನೋವಿನ ಅಜ್ಜಿಯೊಬ್ಬಳು ಯಾರ ಕೈಯನ್ನೂ ಹಿಡಿಯದೆ ಒಳಗೆ ಕಾಲಿಡುವುದನ್ನು ನೋಡುವುದೇ ಒಂದು ಸುಖ. ಎಡಬಲಗಳಲ್ಲಿ ಕಾರುಗಳು ಒಂದರ ಬಾಲಕ್ಕೊಂದು ಅಂಟಿ ನಿಂತಿರುವಾಗ ಬಸ್ಸು ತನ್ನ ಪಾಡಿಗೆ ತಾನು ಸರ್ರನೆ ಹೊರಟುಹೋಗುತ್ತದೆ. ಕೊರತೆಗಳ ದೂರನ್ನು ನಾನೂ ಕೇಳಿದ್ದೇನೆ. ಆದರೂ ಸಾಮಾನ್ಯ ಪ್ರಯಾಣಿಕನಿಗೆ ರಸ್ತೆಯ ನಟ್ಟನಡುವಣ ಸ್ಥಾನವನ್ನು ಕೊಟ್ಟ ಆ ಧೈರ್ಯಕ್ಕೆ ನನ್ನ ನಮಸ್ಕಾರ.

ಈ ಎರಡು ಗಾಲಿಯನ್ನೂ ಆರು ಗಾಲಿಯನ್ನೂ ಒಂದೆಡೆ ಕೂಡಿಸುವುದಕ್ಕೆ ಬೇಕಾದುದು ಬಹಳವೇನೂ ಇಲ್ಲ. ಮೈಸೂರಿನಲ್ಲಿ 2017ರಲ್ಲಿ 48 ತಾಣಗಳಲ್ಲಿ 450 ಸೈಕಲ್ಲುಗಳನ್ನಿಟ್ಟು ಟ್ರಿಣ್ ಟ್ರಿಣ್ ಯೋಜನೆಯನ್ನು ಆರಂಭಿಸಿದಾಗ, ಒಂದು ತಾಣದಲ್ಲಿ ತೆಗೆದುಕೊಂಡುದನ್ನು ಇನ್ನೊಂದರಲ್ಲಿ ಬಿಟ್ಟು ಹೋಗುವ ಅನುಕೂಲ ನಮ್ಮ ಜನಕ್ಕೆ ದೊರೆಯಿತು. ನೆದರ್ಲೆಂಡ್ಸಿನ ಉಟ್ರೆಕ್ಟ್ ಪಟ್ಟಣದವರು ರೈಲು ನಿಲ್ದಾಣದ ಕೆಳಗೆ 12,500 ಸೈಕಲ್ಲುಗಳಿಗೆ ನೆಲೆ ಕಟ್ಟಿ, ಮೊದಲ ಇಪ್ಪತ್ತನಾಲ್ಕು ಗಂಟೆಗಳಿಗೆ ಏನನ್ನೂ ಕೇಳುವುದಿಲ್ಲ. ಅಷ್ಟು ದೊಡ್ಡದನ್ನು ನಾನು ಬೇಡುವುದಿಲ್ಲ. ಚಿಗರಿಯ ಪ್ರತಿಯೊಂದು ನಿಲ್ದಾಣದ ಪಕ್ಕದಲ್ಲಿ, ಕಾರುಗಳಿಗಾಗಿ ಬಿಟ್ಟಿರುವ ಜಾಗಗಳಲ್ಲಿ ಹತ್ತನ್ನು ಕಸಿದು, ಧಾರವಾಡದ ಜಿಟಿಜಿಟಿ ಮಳೆಯನ್ನು ತಡೆಯುವ ಒಂದು ಸೂರು, ಬೀಗ ಹಾಕಲು ನೆಲಕ್ಕೆ ಹೂಳಿದ ಕಬ್ಬಿಣದ ಬಳೆಗಳು, ಸಂಬಳ ಪಡೆಯುವ ಒಬ್ಬ ಕಾವಲುಗಾರ, ಇಷ್ಟನ್ನು ಒದಗಿಸಿದರೆ ನೂರು ಸೈಕಲ್ಲು ನಿಂತೀತು. ಪ್ರತ್ಯೇಕ ಪಥ ಅಲ್ಲಿ ಆಗಲೇ ಸಿದ್ಧವಾಗಿರುವುದರಿಂದ ಮೊದಲ ಪ್ರಯೋಗಕ್ಕೆ ಆ ಅವಳಿನಗರಕ್ಕಿಂತ ತಕ್ಕ ಊರು ನಮ್ಮಲ್ಲಿ ಬೇರೊಂದಿಲ್ಲ. ಮುಂಬರುವ ಮಳೆಗಾಲಕ್ಕೆ ಮುನ್ನ ಒಂದೆರಡು ನಿಲ್ದಾಣಗಳಲ್ಲಾದರೂ ಅದು ಆಗಬೇಕು.