ಅಶ್ವತ್ಥಾಮನ ತಲೆಯ ಹೊರೆ

ಬಿ. ಎಂ. ಶ್ರೀಕಂಠಯ್ಯನವರ ‘ಅಶ್ವತ್ಥಾಮನ್’ (1929) ನಾಟಕಕ್ಕೆ ಸಾಫೊಕ್ಲಿಸನ ‘ಏಜಾಕ್ಸ್’ ಮಾತೃಕೆಯೆಂಬುದು ವಾಚಕರಿಗೆ ವಿದಿತವೇ ಆಗಿದೆ. ಅಕಿಲೀಸನ ಆಯುಧಗಳಿಗಾಗಿ ಒಡಿಸ್ಯೂಸನೊಡನೆ ಸ್ಪರ್ಧಿಸಿ ಸೋತ ಏಜಾಕ್ಸನು, ಅಥೀನಾದೇವಿಯಿಂದ ಭ್ರಾಂತನಾಗಿ, ವೈರಿಗಳೆಂದು ದನಕುರಿಗಳನ್ನು ಕಡಿದು, ಬಳಿಕ ನಾಚಿ ಪ್ರಾಣತ್ಯಾಗ ಮಾಡುವನು.

ಫ್ರೆಂಚ್ ಪಂಡಿತರಾದ ರೆನೆ ಜಿರಾರ್ ಅವರು 1972ರಲ್ಲಿ ಇಂತಹ ಕಥೆಗಳಿಗೆ ನೂತನ ವ್ಯಾಖ್ಯಾನವೊಂದನ್ನು ಮಾಡಿದರು. ಒಬ್ಬನು ಬಯಸಿದುದನ್ನೇ ಇನ್ನೊಬ್ಬನೂ ಬಯಸುವುದರಿಂದ ಮಾತ್ಸರ್ಯವು ಹುಟ್ಟುತ್ತದೆ. ಅದು ಊರೆಲ್ಲ ಹಬ್ಬಿದಾಗ ಜನರು ಸರ್ವರ ದೋಷವನ್ನೂ ಒಬ್ಬನ ತಲೆಗೆ ಕಟ್ಟಿ ಶಾಂತಿಯನ್ನು ಪಡೆಯುತ್ತಾರೆ. ಅನಂತರ ಅವನನ್ನೇ ಪೂಜಿಸುತ್ತಾರೆ. ಪುರಾಣವು ಈ ಹಿಂಸೆಯನ್ನು ಮರೆಮಾಚುತ್ತದೆಯೆಂಬುದು ಅವರ ಮತ.

ಇದು ನಮ್ಮ ಸೌಪ್ತಿಕಪರ್ವಕ್ಕೆ ಬಹುಮಟ್ಟಿಗೆ ಒಪ್ಪುತ್ತದೆ. ದ್ರೋಣನು ಅರ್ಧಸತ್ಯದಿಂದ ಹತನಾದನು. ದುರ್ಯೋಧನನು ಅಧರ್ಮದ ಗದಾಘಾತದಿಂದ ಬಿದ್ದನು. ಗೆದ್ದವರಿಗೆ ರಾಜ್ಯ, ಶಿರೋಮಣಿಯನ್ನು ನೀಗಿ ಮೂರು ಸಾವಿರ ವರ್ಷ ಅಲೆಯುವ ಶಾಪ ಮಾತ್ರ ಅಶ್ವತ್ಥಾಮನಿಗೆ. ಶಪ್ತನಾದ ಅವನೇ ಚಿರಂಜೀವಿಗಳಲ್ಲಿ ಸೇರಿ ಪ್ರಾತಃಸ್ಮರಣೀಯನೂ ಆದನು!

ಆದರೆ ಎರಡು ಆಕ್ಷೇಪಗಳುಂಟು. ಜಿರಾರ್ ಅವರ ಬಲಿಪಶುವಿನ ದೋಷವು ಆರೋಪಿತವಾದುದು. ಅಶ್ವತ್ಥಾಮನು ನಿದ್ರಿತರಾದ ದ್ರೌಪದೀಪುತ್ರರನ್ನು ಕೊಂದುದು ಆರೋಪವಲ್ಲ. ಮತ್ತು ವ್ಯಾಸರು ಏನನ್ನೂ ಮುಚ್ಚಿಡಲಿಲ್ಲ: ಅರ್ಧಸತ್ಯವಾಡಿದ ಧರ್ಮರಾಯನ ರಥವು ನೆಲಕ್ಕಿಳಿಯಿತು, ಅವನಿಗೆ ನರಕದರ್ಶನವೂ ತಪ್ಪಲಿಲ್ಲ.

ಏಜಾಕ್ಸನ ಶವಕ್ಕೆ ಸಂಸ್ಕಾರವಾಗಬೇಕೆಂದು ಕೊನೆಗೆ ವಾದಿಸುವವನು ಅವನ ಪ್ರತಿಸ್ಪರ್ಧಿಯಾದ ಒಡಿಸ್ಯೂಸನೇ. ಮಾತ್ಸರ್ಯಕ್ಕೆ ಬಲಿಯಿಂದಲ್ಲ, ಎದುರಾಳಿಯ ಕರುಣೆಯಿಂದ ಶಾಂತಿ. ಚಿರಂಜೀವಿಗೆ ಮರಣವನ್ನಿತ್ತ ಶ್ರೀಯವರನ್ನು ಪುರಾಣವಿರೋಧಿಗಳೆಂದು ಆಕ್ಷೇಪಿಸುವವರು ಇದನ್ನು ನೆನೆಯಬೇಕು. ಯುಗಗಳಿಂದ ಹೊತ್ತ ಹೊರೆಯನ್ನು ಅವರು ಇಳಿಸಿದರು.