ಮಣ್ಣಿಗೆ ಬಾರದ ಮಗ

ಹೋದ ವರ್ಷ ಅಫಜಲಪುರದ ನಮ್ಮ ಕಾಕಾ ತೀರಿಕೊಂಡರು. ಮಗ ಡಲ್ಲಾಸ್‌ನಲ್ಲಿ ಸಾಫ್ಟ್‌ವೇರ್ ಇಂಜಿನಿಯರ್. ಅವನು ಬರಲಿಲ್ಲ. ಆಳಂದ, ಜೇವರ್ಗಿಯಿಂದ ಬಂದ ಬೀಗರು ಅಂಗಳದಲ್ಲೇ ತೀರ್ಪು ಕೊಟ್ಟರು: ‘ಡಾಲರ್ ಮುಂದ ಅಪ್ಪ ಯಾವ ಲೆಕ್ಕರೀ? ಮಣ್ಣಿಗೂ ಬರ್ಲಿಲ್ಲ ನೋಡ್ರಿ!’ ನಾನೂ ತಲೆ ಆಡಿಸಿದೆ.

ಈ ತೀರ್ಪನ್ನು ನಮಗೆ ಕಲಿಸಿದ್ದರಲ್ಲಿ ಸಿನಿಮಾದ ಪಾಲೂ ಇದೆ. ನಾಗತಿಹಳ್ಳಿ ಚಂದ್ರಶೇಖರರ ‘ಅಮೆರಿಕಾ ಅಮೆರಿಕಾ’ (1997) ನನಗೆ ಇಂದಿಗೂ ಇಷ್ಟ. ಹೋದ ಗೆಳೆಯ ಅಕ್ಷಯ್ ಆನಂದ್, ಉಳಿದ ಗೆಳೆಯ ರಮೇಶ್, ನಡುವೆ ಹೇಮಾ. ಮೊನ್ನೆ ಮತ್ತೆ ನೋಡಿದೆ. ಅಲ್ಲಿ ಹೋಗುವುದು, ಉಳಿಯುವುದು, ಮರಳುವುದು ಎಲ್ಲವೂ ಮನಸ್ಸಿನ ಮಾತು. ತಾಯ್ನೆಲದ ಪ್ರೀತಿ ಒಂದು ತಕ್ಕಡಿಯಲ್ಲಿ, ಡಾಲರ್ ಆಸೆ ಇನ್ನೊಂದರಲ್ಲಿ. ಕಾಗದಕ್ಕೆ ಅಲ್ಲಿ ತೂಕವಿಲ್ಲ. ಎಚ್-1ಬಿ ಆಗಲೇ ಇತ್ತು, 1990ರ ಕಾನೂನಿನಿಂದ ಬಂದದ್ದು.

ನನ್ನ ತಮ್ಮನ ವಿಷಯದಲ್ಲಿ ಕಾಗದವೇ ಗೆದ್ದಿತು ಎಂದು ಆಮೇಲೆ ಫೋನಿನಲ್ಲಿ ತಿಳಿಯಿತು. ಅಲ್ಲಿದ್ದು ದುಡಿಯುವ ಪರವಾನಗಿ ಬೇರೆ, ಪಾಸ್‌ಪೋರ್ಟಿಗೆ ಅಂಟಿಸುವ ವೀಸಾ ಬೇರೆ. ವೀಸಾ ಅಂದರೆ ಬಾಗಿಲಲ್ಲಿ ತೋರಿಸುವ ಚೀಟಿ. ಪರವಾನಗಿಯನ್ನು ಕಂಪನಿ ಅಲ್ಲಿಂದಲೇ ಮುಂದುವರಿಸಬಹುದು. ವೀಸಾ ಮುಗಿದಿದ್ದರೆ ಊರಿಗೆ ಬಂದವನು ಸಾಮಾನ್ಯವಾಗಿ ಇಲ್ಲಿಯ ಅಮೆರಿಕನ್ ಕಾನ್ಸುಲೇಟಿನಲ್ಲಿ ಹೊಸದನ್ನು ಪಡೆದೇ ಮರಳಬೇಕು. ಇವನದು ಮುಗಿದಿತ್ತು. ಸಂದರ್ಶನದ ದಿನಾಂಕಕ್ಕೆ ತಿಂಗಳುಗಟ್ಟಲೆ ಕಾಯಬೇಕಿತ್ತು.

ಅಷ್ಟರಲ್ಲಿ ಕೆಲಸ ಹೋದರೆ? ಅಲ್ಲೇ ಇದ್ದಾಗ ಹೋದರೂ ಬೇರೆ ಕಂಪನಿ ಹುಡುಕಲು ಹೆಚ್ಚೆಂದರೆ 60 ದಿನ. ಹೆಂಡತಿಯದು ಎಚ್-4, ಗಂಡನ ಕಾಗದಕ್ಕೇ ಜೋತುಬಿದ್ದದ್ದು. ಅಂಥ ಹೆಂಡತಿಯರಿಗೆ ದುಡಿಯುವ ಅನುಮತಿ ಸಿಕ್ಕಿದ್ದೇ 2015ರಲ್ಲಿ, ಅದೂ ಎಲ್ಲರಿಗೂ ಅಲ್ಲ. ಗ್ರೀನ್ ಕಾರ್ಡ್ ಸಿಕ್ಕರೆ ಈ ಕಾಟ ತಪ್ಪುತ್ತದೆ. ಆದರೆ ಒಂದು ದೇಶದವರಿಗೆ ವರ್ಷಕ್ಕೆ ಶೇ 7ರ ಮಿತಿ. ಹೀಗಾಗಿ ನಮ್ಮವರ ಸರತಿ ವರ್ಷಗಟ್ಟಲೆ ಕರಗುವುದಿಲ್ಲ.

ಅವನನ್ನು ಯಾರೂ ನೂಕಿ ಕಳಿಸಿರಲಿಲ್ಲ, ಒಪ್ಪುತ್ತೇನೆ. ಆಸೆಯಿಂದಲೇ ಹೋದ. ಹೋಗುವಾಗಿನ ಆಸೆಗೆ ಅವನು ಉತ್ತರ ಕೊಡಲಿ. ಬರಲಾಗದ ಆ ರಾತ್ರಿಗೂ ಅವನೊಬ್ಬನೇ ಉತ್ತರ ಕೊಡಬೇಕೆ? ನಮ್ಮ ಕಥೆ, ಸಿನಿಮಾಗಳು ಈ ಎರಡನ್ನೂ ಒಂದೇ ಮಾಡಿಬಿಟ್ಟಿವೆ. ಅದಕ್ಕೇ ಅಂಗಳದಲ್ಲಿ ಕೂತವರಿಗೆ ಬೈಯಲು ಮಗ ಸಿಗುತ್ತಾನೆ, ನಿಯಮ ಸಿಗುವುದಿಲ್ಲ.

ಇಷ್ಟಕ್ಕೂ ಅವನನ್ನು ತಡೆದದ್ದು ಚಿಗವ್ವ. ಕಾಕಾನ ಹೆಣ ಇನ್ನೂ ಪಡಸಾಲೆಯಲ್ಲಿದ್ದಾಗ ಒಳಕೋಣೆಗೆ ಹೋಗಿ ಮಗನಿಗೆ ಹೇಳಿದ್ದಳಂತೆ: ‘ಯಪ್ಪಾ, ಬಂದು ಇಲ್ಲೇ ಸಿಕ್ಕೊಂಡ್ಯಂದ್ರ ಹೆಂಡ್ರು ಮಕ್ಕಳ ಗತಿ ಏನು? ಬರಬ್ಯಾಡ.’ ಆಮೇಲೆ ಹೊರಗೆ ಬಂದು ನಮ್ಮೆಲ್ಲರ ಮಾತು ಕೇಳುತ್ತ ಸುಮ್ಮನೆ ಕೂತಿದ್ದಳು.