ಕಥೆ ಮೊದಲು, ಕೋಟೆ ಆಮೇಲೆ

ಕೋಟೆ ಇದ್ದ ಕಡೆ ಕಥೆ ಹುಟ್ಟುವುದು ಲೋಕರೂಢಿ. ಇಂಗ್ಲೆಂಡಿನ ನೈಋತ್ಯ ಮೂಲೆಯ ಕಾರ್ನ್‌ವಾಲ್‌ನಲ್ಲಿ ಇದು ಅದಲುಬದಲು. ಅಲ್ಲಿನ ಟಿಂಟಾಜೆಲ್ ಎಂಬ ಕಡಲಂಚಿನ ಬಂಡೆಯ ಮೇಲೆ, ಕಥೆ ಕೇಳಿ ಕೋಟೆ ಕಟ್ಟಿದರು. ಪಾಳುಕೋಟೆಗಳ ಹುಚ್ಚು ಹತ್ತಿದವರಿಗೆ ನಾನು ಮೊದಲು ಹೇಳುವ ಹೆಸರು ಇದೇ.

1130ರ ದಶಕದಲ್ಲಿ ಮಾನ್ಮತ್‌ನ ಜೆಫ್ರಿ ಎಂಬಾತ ಲ್ಯಾಟಿನ್‌ನಲ್ಲಿ ಬ್ರಿಟನ್ನಿನ ರಾಜರ ಚರಿತ್ರೆ ಬರೆದ. ಹೆಸರಿಗೆ ಚರಿತ್ರೆ, ಬಹುಪಾಲು ಕಟ್ಟುಕಥೆ. ಉಥರ್ ಎಂಬ ರಾಜ ಕಾರ್ನ್‌ವಾಲ್‌ನ ಡ್ಯೂಕನ ಹೆಂಡತಿಗೆ ಮರುಳಾಗುತ್ತಾನೆ. ಗಂಡ ಅವಳನ್ನು ಟಿಂಟಾಜೆಲ್‌ನಲ್ಲಿ ಬಚ್ಚಿಡುತ್ತಾನೆ. ಮೂವರು ಯೋಧರು ನಿಂತರೆ ಇಡೀ ರಾಜ್ಯವನ್ನೇ ತಡೆಯಬಹುದಾದಷ್ಟು ಇಕ್ಕಟ್ಟು ದಾರಿ! ಆಗ ಮಾಂತ್ರಿಕ ಮರ್ಲಿನ್ ರಾಜನಿಗೆ ಆ ಗಂಡನದೇ ರೂಪ ಕೊಡುತ್ತಾನೆ. ಅಹಲ್ಯೆಯ ಕಥೆ ಬಲ್ಲ ನಮಗೆ ಇದು ಹೊಸದೇನಲ್ಲ. ಇಲ್ಲಿ ಶಾಪವೊಂದಿಲ್ಲ, ಅಷ್ಟೆ. ಆ ರಾತ್ರಿ ಗರ್ಭದಲ್ಲಿ ನಿಂತವನೇ ದಂತಕಥೆಗಳ ರಾಜ ಆರ್ಥರ್.

ಸುಮಾರು ನೂರು ವರ್ಷದ ಮೇಲೆ, 1233ರಲ್ಲಿ, ದೊರೆ ಮೂರನೇ ಹೆನ್ರಿಯ ತಮ್ಮ ರಿಚರ್ಡ್ ಈ ಜಾಗ ದಕ್ಕಿಸಿಕೊಂಡು ಕೋಟೆ ಕಟ್ಟಿಸಿದ. ಯುದ್ಧದ ಲೆಕ್ಕದಲ್ಲಿ ಆಯಕಟ್ಟಿನ ಜಾಗವೇನೂ ಅಲ್ಲ. ಕಾರ್ನ್‌ವಾಲ್‌ನ ಅರ್ಲ್ ಆದವನಿಗೆ ಆರ್ಥರನ ನೆಲದ ಒಡೆಯ ಅನ್ನಿಸಿಕೊಳ್ಳುವ ಆಸೆ. ಆ ಆಸೆ ಬಹಳ ಕಾಲ ಬಾಳಲಿಲ್ಲ: 1330ರ ದಶಕದಲ್ಲಿ ದರ್ಬಾರು ಮನೆಯ ಮಾಡನ್ನೇ ಕಿತ್ತರು.

ಹಾಗಂತ ಬುಡದಲ್ಲಿ ಏನೂ ಇಲ್ಲವೆಂದಲ್ಲ. ಅಗೆದಾಗ ಐದರಿಂದ ಏಳನೇ ಶತಮಾನದ ಮನೆಗಳ ತಳಪಾಯ, ಮೆಡಿಟರೇನಿಯನ್ ಕಡೆಯಿಂದ ಹಡಗಿನಲ್ಲಿ ಬಂದ ಮದ್ಯ, ಎಣ್ಣೆಗಳ ಮಡಕೆಚೂರುಗಳು ರಾಶಿಯಾಗಿ ಸಿಕ್ಕವು. ಕಥೆಯ ರಾಜ ಇರಲಿ ಬಿಡಲಿ, ಯಾರೋ ಸಿರಿವಂತ ಪಾಳೆಯಗಾರನಂಥವನು ಇಲ್ಲಿ ಇದ್ದದ್ದು ನಿಜ. 1998ರಲ್ಲಿ ಸಿಕ್ಕ ಸ್ಲೇಟ್ ಕಲ್ಲಿನ ತುಂಡಿನಲ್ಲಿ ‘ಆರ್ಟೊಗ್ನೌ’ ಎಂಬ ಹೆಸರು ಕೊರೆದಿತ್ತು. ಪತ್ರಿಕೆಗಳು ಆರ್ಥರನೇ ಸಿಕ್ಕನೆಂದು ಕುಣಿದಾಡಿದವು. ವಿದ್ವಾಂಸರು ಒಪ್ಪಲಿಲ್ಲ. ಆ ಕಲ್ಲನ್ನು ಹಿಂದಿನವರೇ ಚರಂಡಿಯ ಮುಚ್ಚಳ ಮಾಡಿಕೊಂಡಿದ್ದರು ಅನ್ನುವುದೇ ನನಗೆ ಹೆಚ್ಚು ಇಷ್ಟವಾದ ಸಂಗತಿ.

ಕೋಟೆಯ ಅರ್ಧ ದಡದಲ್ಲಿದೆ, ಅರ್ಧ ದ್ವೀಪದಂಥ ಬಂಡೆಯ ಮೇಲೆ. ನಡುವಿನ ನೆಲ ಶತಮಾನಗಳ ಹಿಂದೆಯೇ ಕಡಲಿಗೆ ಕುಸಿಯಿತು. 2019ರಲ್ಲಿ ಅಲ್ಲಿ ಉಕ್ಕಿನ ಕಾಲುಸೇತುವೆ ಬಂತು. ಕಾಲಡಿಗೆ ಸ್ಲೇಟ್ ಬಿಲ್ಲೆಗಳನ್ನು ಅಂಚು ಮೇಲಾಗಿ ನಿಲ್ಲಿಸಿ ಒತ್ತಾಗಿ ಜೋಡಿಸಿದ್ದಾರೆ. ಎರಡೂ ಕಡೆಯಿಂದ ಚಾಚಿದ ತೋಳುಗಳು ನಡುವೆ ಸೇರುವುದಿಲ್ಲ. 40 ಮಿಲಿಮೀಟರ್ ಸಂದು ಬಿಟ್ಟಿದ್ದಾರೆ. ಇತಿಹಾಸಕ್ಕೂ ಕಥೆಗೂ ನಡುವಿನ ಗಡಿಯಂತೆ ಅದು. ಉಕ್ಕು ಹಿಗ್ಗಲೂ ಜಾಗ ಬೇಕಲ್ಲ! ಆದರೂ ಹೊಸ ಕಟ್ಟೋಣಗಳಲ್ಲಿ ಇಷ್ಟು ಬುದ್ಧಿಯ ಕೆಲಸ ಅಪರೂಪ. ಕೆಳಗೆ ಕಡಲಂಚಿನ ಗುಹೆಯ ಬಳಿ ಬಂಡೆಯಲ್ಲಿ 2016ರಲ್ಲಿ ಕೆತ್ತಿದ ಮರ್ಲಿನ್‌ನ ಮುಖಕ್ಕೆ ಈ ಮಾತು ಹೇಳಲಾರೆ. ಗುಹೆಯ ಕತ್ತಲೇ ಸಾಕಿತ್ತು.

ಹೋಗುವವರು ಇಳಿತದ ವೇಳೆ ನೋಡಿಕೊಂಡು ಹೊರಡಿ, ಭರತದಲ್ಲಿ ಗುಹೆಗೆ ನೀರು ನುಗ್ಗುತ್ತದೆ. ಗಾಳಿ ಜೋರಾದರೆ ಸೇತುವೆಯನ್ನೂ ಮುಚ್ಚುತ್ತಾರೆ. ಗುಹೆ ಮೊದಲು, ಸೇತುವೆ ಆಮೇಲೆ.